ಅಶ್ವಶಕ್ತಿಯ ಲೆಕ್ಕವೊಂದೇ ಸಾಲದು
ಪರಿಚಲನಾ ಪಂಪುಗಳ ಆಯ್ಕೆ ಮತ್ತು ಕೋಲಾರ ಜಿಲ್ಲೆಯ ವ್ಯಾಪಾರ

ಕೋಲಾರ ಜಿಲ್ಲೆಯ ಪಂಪು ವ್ಯಾಪಾರಿಯ ಅನುಭವವನ್ನು ಯಾರೂ ಅಲ್ಲಗಳೆಯಲಾರರು. ಮುಳಬಾಗಿಲು ತಾಲೂಕಿನ ತಾಯಲೂರಿನಂತಹ ಹೋಬಳಿ ಕೇಂದ್ರದಲ್ಲಿ ರೈತನು ಅಂಗಡಿಯ ಮೆಟ್ಟಿಲೇರಿ ಕೊಳವೆ ಬಾವಿಯ ಆಳ ಇಷ್ಟು, ಬಿದ್ದ ನೀರು ಎರಡು ಇಂಚು ಎಂದು ಹೇಳಿದರೆ ಸಾಕು; ಎಷ್ಟು ಸ್ಟೇಜಿನ ಪಂಪು, ಎಷ್ಟು ಎಚ್.ಪಿ. ಮೋಟಾರು, ಎಷ್ಟು ಅಡಿ ಕೇಬಲ್ಲು, ಯಾವ ಪೈಪು ಎಂಬುದನ್ನು ವ್ಯಾಪಾರಿಯು ಕಾಗದ ಮುಟ್ಟದೆ ಹೇಳಬಲ್ಲನು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯಲ್ಲಿ, ಸಾವಿರ ಅಡಿಗೂ ಆಳಕ್ಕೆ ಇಳಿದ ಕೊಳವೆ ಬಾವಿಗಳ ನಡುವೆ ಈ ವಿದ್ಯೆ ಬೆಳೆದಿದೆ. ಆದರೆ ಇದೇ ವಿದ್ಯೆಯು ಇಂದು ಮಾರುಕಟ್ಟೆಗೆ ಬರುತ್ತಿರುವ ಬೇರೊಂದು ವರ್ಗದ ಗ್ರಾಹಕನಿಗೆ ನಷ್ಟವನ್ನುಂಟುಮಾಡುತ್ತಿದೆ ಎಂಬುದನ್ನು ವ್ಯಾಪಾರಸ್ಥರು ಗಮನಿಸಬೇಕಾಗಿದೆ.

ಜಿಲ್ಲೆಯ ನೀರಿನ ಚರಿತ್ರೆಯೆಲ್ಲವೂ ನೀರೆತ್ತುವ ಚರಿತ್ರೆಯೇ ಆಗಿದೆ. ಏತ ಮತ್ತು ಕಪಿಲೆಗಳ ಕಾಲ ಕಳೆದು ಸೆಂಟ್ರಿಫ್ಯೂಗಲ್ ಪಂಪು ಬಂದಿತು, ಅದರ ನಂತರ ಸಬ್‌ಮರ್ಸಿಬಲ್ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ತಂದಾಗಲೂ, 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಜಿಲ್ಲೆಯ ಕೆರೆಗಳಿಗೆ ಹರಿಸಿದಾಗಲೂ ಕೆಲಸವೆಂದರೆ ತಗ್ಗಿನಿಂದ ಎತ್ತರಕ್ಕೆ ಭಾರವನ್ನು ಸಾಗಿಸುವುದೇ ಆಗಿತ್ತು. ಆದ್ದರಿಂದ ಪಂಪು ಎಂದೊಡನೆ ಎತ್ತುವ ಯಂತ್ರವೆಂದೇ ಎಲ್ಲರ ಮನಸ್ಸಿನಲ್ಲಿ ಮೂಡುವುದು ಸಹಜ. ನೀರನ್ನು ಎತ್ತದೆ, ಇದ್ದಲ್ಲಿಯೇ ಸುತ್ತಿಸುವ ಪಂಪು ಬೇರೆಯದೇ ಜಾತಿ ಎಂಬ ತಿಳಿವಳಿಕೆ ಇನ್ನೂ ವ್ಯಾಪಕವಾಗಿಲ್ಲ.

ಸುತ್ತಿಸುವ ಪಂಪನ್ನು ಕೇಳುವವರು ಯಾರು? ಕೃಷಿ ಭಾಗ್ಯ ಯೋಜನೆಯಡಿ 2014ರಿಂದ ತೋಡಲ್ಪಟ್ಟ, ಪಾಲಿಥೀನ್ ಹಾಳೆ ಹಾಸಿದ ಕೃಷಿ ಹೊಂಡಗಳಲ್ಲಿ ಮೀನು ಬಿಡಬಯಸುವ ರೈತರು; 2020ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಸಹಾಯಧನದಿಂದ ಬಯೋಫ್ಲಾಕ್ ತೊಟ್ಟಿ, ನೀರು ಮರುಬಳಕೆಯ ಮೀನು ಸಾಕಣೆ ಘಟಕ ಅಥವಾ ಅಲಂಕಾರಿಕ ಮೀನಿನ ಘಟಕ ಸ್ಥಾಪಿಸಲಿಚ್ಛಿಸುವ ಯುವಕರು; ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಯಂತ್ರಗಳನ್ನು ತಂಪಾಗಿಡಲು ನೀರು ಸುತ್ತಿಸುವ ಕಾರ್ಖಾನೆಗಳು; ಕೊನೆಯದಾಗಿ, ಒಂದೂವರೆ ಗಂಟೆಯ ದಾರಿಯಲ್ಲಿರುವ ಬೆಂಗಳೂರಿನ ಹೋಟೆಲು, ಆಸ್ಪತ್ರೆ, ಶ್ರೀಮಂತರ ಮನೆಗಳಲ್ಲಿ ದೊಡ್ಡ ದೊಡ್ಡ ಅಕ್ವೇರಿಯಂಗಳನ್ನು ಕಟ್ಟಿಕೊಡುವ ಗುತ್ತಿಗೆದಾರರು. ಕಬ್ಬನ್ ಉದ್ಯಾನದ ಸರ್ಕಾರಿ ಮತ್ಸ್ಯಾಲಯ 1983ರಲ್ಲಿ ತೆರೆದಾಗ ಅದೊಂದು ಅಪರೂಪದ ನೋಟವಾಗಿತ್ತು. 2021ರಲ್ಲಿ ಬೆಂಗಳೂರು ನಗರ ರೈಲು ನಿಲ್ದಾಣದಲ್ಲಿಯೇ ಸುರಂಗ ಮಾದರಿಯ ಮತ್ಸ್ಯಾಲಯವೊಂದು ಪ್ರಾರಂಭವಾಯಿತೆಂದರೆ ಅಭಿರುಚಿ ಎತ್ತ ಸಾಗಿದೆ ಎಂಬುದು ತಿಳಿಯುತ್ತದೆ.

ಹೆಡ್ಡು ಮತ್ತು ಹರಿವು

ಸಾವಿರ ಅಡಿಯ ಕೊಳವೆ ಬಾವಿಗೆ ಬೇಕಾದದ್ದು ಹೆಚ್ಚಿನ ಹೆಡ್ಡು, ಅಲ್ಪ ಹರಿವು. ಪರಿಚಲನೆಗೆ ಬೇಕಾದದ್ದು ಇದರ ತದ್ವಿರುದ್ಧ. ತೊಟ್ಟಿಯಿಂದ ಹೊರಟ ನೀರು ಶೋಧಕವನ್ನು ಹಾದು ಮತ್ತೆ ಅದೇ ತೊಟ್ಟಿಗೆ ಬೀಳುವುದರಿಂದ ಒಟ್ಟಿನಲ್ಲಿ ಏರಿದ ಎತ್ತರ ಶೂನ್ಯಕ್ಕೆ ಸಮೀಪ. ಪೈಪಿನ ಘರ್ಷಣೆ, ಬೆಂಡುಗಳ ತಡೆ, ಶೋಧಕದ ಒತ್ತಡ, ಕೆಳಗಿನ ತೊಟ್ಟಿಯಿಂದ ಮೇಲಿನ ತೊಟ್ಟಿಗಿರುವ ಕೆಲವು ಅಡಿಗಳ ಅಂತರ, ಇಷ್ಟೇ ಹೆಡ್ಡು. ಇದು ಸಾಮಾನ್ಯವಾಗಿ ಎರಡರಿಂದ ನಾಲ್ಕು ಮೀಟರನ್ನು ಮೀರುವುದಿಲ್ಲ. ಹರಿವು ಮಾತ್ರ ಗಂಟೆಗೆ ಹತ್ತಾರು ಸಾವಿರ ಲೀಟರು.

ಲೆಕ್ಕ ಕಷ್ಟವಲ್ಲ. ಗಂಟೆಗೆ ಹರಿಯುವ ನೀರನ್ನು ಘನ ಮೀಟರಿನಲ್ಲಿ ಹಿಡಿದು ಹೆಡ್ಡಿನ ಮೀಟರುಗಳಿಂದ ಗುಣಿಸಿ 367ರಿಂದ ಭಾಗಿಸಿದರೆ ನೀರಿಗೆ ತಲುಪಬೇಕಾದ ಶಕ್ತಿ ಕಿಲೋವ್ಯಾಟಿನಲ್ಲಿ ದೊರೆಯುತ್ತದೆ. ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆಯಿಂದ ಅದನ್ನು ಭಾಗಿಸಿದರೆ ಮೀಟರಿನಲ್ಲಿ ಓಡುವ ಶಕ್ತಿ ತಿಳಿಯುತ್ತದೆ. 50,000 ಲೀಟರಿನ ಮೀನಿನ ತೊಟ್ಟಿಯೊಂದರ ನೀರನ್ನು ಗಂಟೆಗೊಮ್ಮೆ ಪೂರ್ತಿಯಾಗಿ ಸುತ್ತಿಸಬೇಕೆಂದೂ ಹೆಡ್ಡು 3 ಮೀಟರೆಂದೂ ಒಟ್ಟು ದಕ್ಷತೆ ಶೇ. 50 ಎಂದೂ ಭಾವಿಸಿದರೆ ಬೇಕಾಗುವುದು 0.82 ಕಿಲೋವ್ಯಾಟ್ ಮಾತ್ರ, ಅಂದರೆ 1 ಎಚ್.ಪಿ. ಮೋಟಾರಿನ ಕೆಲಸ. ಅಂಗಡಿಯಲ್ಲಿ ದಾಸ್ತಾನಿದೆಯೆಂಬ ಕಾರಣಕ್ಕೆ 20 ಮೀಟರ್ ಹೆಡ್ಡಿನಲ್ಲಿ ಅಷ್ಟೇ ನೀರು ಕೊಡುವ ಪಂಪನ್ನು ಕೂರಿಸಿ ಗೇಟ್‌ವಾಲ್ವನ್ನು ಅರೆ ಮುಚ್ಚಿದರೆ 5.45 ಕಿಲೋವ್ಯಾಟ್ ಬೇಕು, ಮೋಟಾರು 7.5 ಎಚ್.ಪಿ. ಆಗುತ್ತದೆ. ತೊಟ್ಟಿಯ ಪಂಪು ದಿನದ 24 ಗಂಟೆಯೂ ಓಡುವಂಥದ್ದು. ಮೊದಲನೆಯದು ವರ್ಷಕ್ಕೆ ಸುಮಾರು 7,200 ಯೂನಿಟ್ಟು ತಿಂದರೆ ಎರಡನೆಯದು ಸುಮಾರು 47,700 ಯೂನಿಟ್ಟು ತಿನ್ನುತ್ತದೆ. ಯೂನಿಟ್ಟಿಗೆ 7 ರೂಪಾಯಿಯಂತೆ ಹಿಡಿದರೂ ವ್ಯತ್ಯಾಸ ವರ್ಷಕ್ಕೆ 2 ಲಕ್ಷ 80 ಸಾವಿರ ರೂಪಾಯಿಗಿಂತ ಹೆಚ್ಚು. ಮೀನು ಮಾರಿ ಬರುವ ಲಾಭ ಇದರಲ್ಲಿಯೇ ಕರಗಿಹೋಗುತ್ತದೆ. ಘಟಕ ಮುಚ್ಚಿದಾಗ ದೂರು ಮಾತ್ರ ಮೀನಿನ ಮರಿಯ ಮೇಲೆ ಅಥವಾ ಮೇವಿನ ಬೆಲೆಯ ಮೇಲೆ ಬರುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ಪ್ರಚಲಿತದಲ್ಲಿದೆ. ಹೆಡ್ಡು ಕಡಿಮೆಯಾದರೆ ಮೋಟಾರಿನ ಮೇಲಿನ ಭಾರವೂ ಕಡಿಮೆಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಸಂಗತಿ ಇದಕ್ಕೆ ವಿರುದ್ಧ: ತಡೆ ಇಲ್ಲದಿದ್ದರೆ ಹರಿವು ಮಿತಿಮೀರಿ ಏರುತ್ತದೆ, ಹರಿವಿನೊಡನೆ ಆಂಪಿಯರೂ ಏರುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ. ಕೊಳವೆ ಬಾವಿಯ ಪಂಪನ್ನು ತೊಟ್ಟಿಯಲ್ಲಿ ಅಡ್ಡಲಾಗಿ ಮಲಗಿಸುವ ಪದ್ಧತಿಯಂತೂ ಇನ್ನೂ ಅಪಾಯಕಾರಿ. ಆ ಮೋಟಾರು ತಂಪಾಗುವುದು ಬಾವಿಯ ಕಿರಿದಾದ ಕೇಸಿಂಗಿನಲ್ಲಿ ತನ್ನ ಮೈಯನ್ನು ಸವರಿಕೊಂಡು ವೇಗವಾಗಿ ಹರಿಯುವ ನೀರಿನಿಂದ. ವಿಶಾಲವಾದ ತೊಟ್ಟಿಯಲ್ಲಿ ಆ ಹರಿವು ಇರುವುದಿಲ್ಲ. ಸುಟ್ಟ ಮೋಟಾರನ್ನು ರೀವೈಂಡಿಂಗ್ ಅಂಗಡಿಗೆ ಹೊತ್ತೊಯ್ದಾಗ ವೋಲ್ಟೇಜಿನ ಏರಿಳಿತವೇ ಕಾರಣವೆಂಬ ಷರಾ ಬರೆಯಲ್ಪಡುತ್ತದೆ. ವೋಲ್ಟೇಜು ಎಲ್ಲ ಪಾಪಗಳನ್ನೂ ಹೊರುವ ಮೇಕೆಯಾಗಿದೆ.

ಈ ಅಭ್ಯಾಸಗಳು ಏಕೆ ಬೇರೂರಿವೆ ಎಂಬುದನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಗಿದೆ. ಬಿಲ್ಲು ಬಾರದ ಕಡೆ ದಕ್ಷತೆಯ ಪ್ರಶ್ನೆ ಏಳುವುದಿಲ್ಲ; ಕೊಳ್ಳುವ ಬೆಲೆ, ಎಚ್.ಪಿ. ಮತ್ತು ಸುಡದೆ ನಿಲ್ಲುವ ಕಾಲ, ಈ ಮೂರೇ ಪ್ರಶ್ನೆಗಳು. ಆದರೆ ಕಾರ್ಖಾನೆಯವನೂ ಹೋಟೆಲಿನವನೂ ಅಕ್ವೇರಿಯಂ ಗುತ್ತಿಗೆದಾರನೂ ಮೀಟರಿನ ಹಿಂದೆ ಕುಳಿತವರು. ಅವರಿಗೆ ಪಂಪಿನ ಬೆಲೆಯೆಂಬುದು ಮೊದಲ ಕಂತು ಮಾತ್ರ; ಉಳಿದ ಕಂತುಗಳನ್ನು ಬೆಸ್ಕಾಂಗೆ ಪ್ರತಿ ತಿಂಗಳೂ ಕಟ್ಟುತ್ತಿರಬೇಕು. ಉಚಿತ ವಿದ್ಯುತ್ತಿನ ಗ್ರಾಹಕನಿಂದ ಕಲಿತ ಪಾಠವನ್ನು ಮೀಟರಿನ ಗ್ರಾಹಕನಿಗೆ ಒಪ್ಪಿಸುವುದು ವ್ಯಾಪಾರ ಧರ್ಮವೂ ಅಲ್ಲ, ಜಾಣತನವೂ ಅಲ್ಲ.

ಹವಳದ ತೊಟ್ಟಿ ಎಂಬ ಕಠಿಣ ಪರೀಕ್ಷೆ

ಪರಿಚಲನೆಯ ಕೆಲಸಗಳಲ್ಲೆಲ್ಲ ಅತ್ಯಂತ ಕಠಿಣವಾದದ್ದು ಹವಳದ ದಿಬ್ಬವನ್ನು ಹೋಲುವಂತೆ ಕಟ್ಟುವ ದೊಡ್ಡ ಸಮುದ್ರ ಅಕ್ವೇರಿಯಂ. ಮುಳಬಾಗಿಲಿನ ವ್ಯಾಪಾರಿಗೆ ಇದರ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಈ ಒಂದು ಕೆಲಸಕ್ಕೆ ಪಂಪು ಆರಿಸಲು ಕಲಿತವನು ಬಯೋಫ್ಲಾಕ್ ತೊಟ್ಟಿಗಾಗಲೀ ಕಾರಂಜಿಗಾಗಲೀ ಕಾರ್ಖಾನೆಯ ಕೂಲಿಂಗ್ ಟವರಿಗಾಗಲೀ ಎಡವಲಾರನು ಎಂಬುದೇ ಉತ್ತರ.

ಹವಳವು ಬಂಡೆಗೆ ಅಂಟಿಕೊಂಡ ಜೀವಿ. ಆಹಾರ, ಆಮ್ಲಜನಕಗಳನ್ನು ಅರಸಿಕೊಂಡು ಹೋಗಲಾರದು. ನೀರೇ ಅದರ ಬಳಿಗೆ ತರಬೇಕು, ಅದು ವಿಸರ್ಜಿಸಿದ ಲೋಳೆಯನ್ನು ನೀರೇ ಒಯ್ಯಬೇಕು. ಒಂದೇ ದಿಕ್ಕಿನಿಂದ ಕೊಳಾಯಿಯಂತೆ ಬೀಳುವ ಧಾರೆ ಅದರ ಮೈಯನ್ನು ಹರಿಯುತ್ತದೆ. ಅಲೆಯಂತೆ ದಿಕ್ಕು ಬದಲಿಸುತ್ತ, ಅಗಲವಾಗಿ, ಮೃದುವಾಗಿ ಬರುವ ಹರಿವು ಬೇಕು. ಆದ್ದರಿಂದ ಬಲ್ಲವರು ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಎರಡು ಬೇರೆ ಬೇರೆ ಪಂಪುಗಳಿಗೆ ವಹಿಸುತ್ತಾರೆ. ಕೆಳಗಿನ ಸಂಪಿನಲ್ಲಿ ಶೋಧನೆಯಾದ ನೀರನ್ನು ಮೇಲಕ್ಕೆ ಮರಳಿಸುವುದು ಒಂದು ಕೆಲಸ. ತೊಟ್ಟಿಯ ಒಳಗೇ ನೀರನ್ನು ಕದಡುವುದು ಇನ್ನೊಂದು. ಮೊದಲನೆಯದಕ್ಕೆ ಗಂಟೆಗೆ ತೊಟ್ಟಿಯ ಗಾತ್ರದ ಮೂರರಿಂದ ಐದು ಪಟ್ಟು ಹರಿವು ಸಾಕು. ಎರಡನೆಯದಕ್ಕೆ ಇಪ್ಪತ್ತು ಪಟ್ಟು, ಕೆಲವು ಜಾತಿಯ ಹವಳಗಳಿಗೆ ಅದಕ್ಕೂ ಹೆಚ್ಚು ಬೇಕಾಗುತ್ತದೆ.

5,000 ಲೀಟರಿನ ತೊಟ್ಟಿಯನ್ನೇ ತೆಗೆದುಕೊಳ್ಳೋಣ. ಇಪ್ಪತ್ತು ಪಟ್ಟು ಎಂದರೆ ಗಂಟೆಗೆ ಒಂದು ಲಕ್ಷ ಲೀಟರು. ಇಷ್ಟನ್ನೂ 4 ಮೀಟರ್ ಹೆಡ್ಡಿನ ಒಂದೇ ಮರಳಿಸುವ ಪಂಪಿನಿಂದ ಸಾಧಿಸಹೊರಟರೆ, ದಕ್ಷತೆ ಶೇ. 40 ಎಂದಿಟ್ಟುಕೊಂಡಾಗ, ಸುಮಾರು 2.7 ಕಿಲೋವ್ಯಾಟ್ ಬೇಕು. ಅದರ ಬದಲು ಐದು ಪಟ್ಟು ಹರಿವಿನ ಮರಳಿಸುವ ಪಂಪಿಗೆ 3 ಮೀಟರ್ ಹೆಡ್ಡಿನಲ್ಲಿ ಸುಮಾರು ಅರ್ಧ ಕಿಲೋವ್ಯಾಟ್, ಒಳಗೆ ಫ್ಯಾನಿನಂತೆ ತಿರುಗುವ ನಾಲ್ಕೈದು ಪ್ರೊಪೆಲ್ಲರ್ ಪಂಪುಗಳಿಗೆಲ್ಲ ಸೇರಿ 300 ವ್ಯಾಟಿನೊಳಗೆ ಸಾಕಾಗುತ್ತದೆ. ಪ್ರೊಪೆಲ್ಲರ್ ಪಂಪಿಗೆ ನೀರನ್ನು ಒಂದಡಿಯೂ ಎತ್ತುವ ಶಕ್ತಿಯಿಲ್ಲ. ಎತ್ತಬೇಕಾದ ಅಗತ್ಯವೂ ಅದಕ್ಕಿಲ್ಲ.

ಶಾಖದ ಪ್ರಶ್ನೆ ಇದಕ್ಕಿಂತಲೂ ಸೂಕ್ಷ್ಮವಾದುದು. ನೀರಿನಲ್ಲಿ ಮುಳುಗಿದ ಪಂಪು ಎಳೆದುಕೊಂಡ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ನೀರಿನಲ್ಲಿ ಶಾಖವಾಗಿಯೇ ಉಳಿಯುತ್ತದೆ. ಮೇಲಿನ 2.7 ಕಿಲೋವ್ಯಾಟ್ ಆ 5,000 ಲೀಟರನ್ನು, ಶಾಖ ಹೊರಹೋಗದಿದ್ದ ಪಕ್ಷದಲ್ಲಿ, ಗಂಟೆಗೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್‌ನಂತೆ ಬಿಸಿಮಾಡಬಲ್ಲದು. ಹವಳಗಳಿಗೆ ಹಿತವಾದದ್ದು 24ರಿಂದ 27 ಡಿಗ್ರಿ. ಅದನ್ನು ಮೀರಿ ಕೆಲವು ದಿನ ಕಳೆದರೆ ಅವು ಬಣ್ಣಗೆಟ್ಟು ಬಿಳಿಚಿಕೊಳ್ಳುತ್ತವೆ. ಹೀಗಾಗಿ ತಪ್ಪು ಪಂಪನ್ನು ಕೊಂಡವನು ನೀರನ್ನು ಬಿಸಿಮಾಡಲು ಒಮ್ಮೆ, ಬಿಸಿಯಾದ ನೀರನ್ನು ಚಿಲ್ಲರಿನಿಂದ ತಣಿಸಲು ಇನ್ನೊಮ್ಮೆ ಹಣ ತೆರುತ್ತಾನೆ.

ಲೋಹದ ವಿಷಯದಲ್ಲಿ ರಿಯಾಯಿತಿ ಇಲ್ಲವೇ ಇಲ್ಲ. ತಾಮ್ರವು ಹವಳ, ಸೀಗಡಿ ಮೊದಲಾದ ಬೆನ್ನೆಲುಬಿಲ್ಲದ ಜೀವಿಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ. ಕೊಳವೆ ಬಾವಿಯ ಪಂಪಿನಲ್ಲಿ ಕಂಚಿನ ಬುಶ್ಶು ಇರುವುದು ಗುಣಮಟ್ಟದ ಲಕ್ಷಣ. ಹವಳದ ತೊಟ್ಟಿಯಲ್ಲಿ ಅದೇ ಬುಶ್ಶು ಸಾವಿನ ಕಾರಣ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರಿನಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು ಹೆಚ್ಚು ಕಾಲ ತಾಳುವುದಿಲ್ಲ. 316 ದರ್ಜೆಯದು ಉತ್ತಮವಾದರೂ ಅದಕ್ಕೂ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುವುದುಂಟು. ಪ್ಲಾಸ್ಟಿಕ್ ಕವಚ, ಸಿರಾಮಿಕ್ ಶಾಫ್ಟು, ಸೀಲಿನ ಅಗತ್ಯವೇ ಇಲ್ಲದ ಆಯಸ್ಕಾಂತದ ಚಾಲನೆ, ಇವು ಇಲ್ಲಿಗೆ ಸಲ್ಲುವಂಥವು. ಎಣ್ಣೆ ತುಂಬಿದ ಮೋಟಾರನ್ನು ಯಾವ ಮೀನಿನ ತೊಟ್ಟಿಯಲ್ಲಿಯೂ ಇಳಿಸಬಾರದು. ಸೀಲು ಸೋರಿದ ದಿನ ಇಡೀ ದಾಸ್ತಾನು ಹೋಗುತ್ತದೆ.

ಇಲ್ಲಿ ಕಾನೂನಿನ ಒಂದು ಮಾತು ಅವಶ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ಸೇರಿಸಲಾಯಿತು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲಿನ ಹವಳವಾಗಲೀ ಲಕ್ಷದ್ವೀಪದ ಹವಳವಾಗಲೀ ಯಾರ ಅಕ್ವೇರಿಯಂಗೂ ಸರಕಲ್ಲ. ಪಂಪು ಮಾರುವವನಿಗೆ ಇದರಿಂದ ನೇರ ಬಾಧೆ ಇಲ್ಲವಾದರೂ, ಹವಳವನ್ನೂ ತಂದುಕೊಡುವೆನೆಂದು ಹೇಳುವ ಗುತ್ತಿಗೆದಾರನ ಕಾಗದಪತ್ರಗಳನ್ನು ನೋಡದೆ ಉದ್ದರಿ ಕೊಡದಿರುವುದು ಕ್ಷೇಮ. ಬರಿಯ ಸಮುದ್ರದ ಮೀನು ಮತ್ತು ಕೃತಕ ಬಂಡೆಗಳಿಂದ ಕಟ್ಟುವ ತೊಟ್ಟಿಗೂ ಪಂಪಿನ ನಿಯಮಗಳು ಇವೇ.

ಪೈಪು, ವೇಗ, ಕರೆಂಟು

ಪಂಪನ್ನು ಸರಿಯಾಗಿ ಆರಿಸಿ ಪೈಪಿನಲ್ಲಿ ಜಿಪುಣತನ ಮಾಡುವವರೇ ಹೆಚ್ಚು. ಅದೇ ಹರಿವಿಗೆ ಎರಡು ಇಂಚಿನ ಪೈಪಿನ ಬದಲು ಮೂರು ಇಂಚಿನದನ್ನು ಹಾಕಿದರೆ ಘರ್ಷಣೆಯ ನಷ್ಟ ಸುಮಾರು ಏಳರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಎತ್ತುವ ಕೆಲಸದಲ್ಲಿ ಘರ್ಷಣೆಯು ಒಟ್ಟು ಹೆಡ್ಡಿನ ಸಣ್ಣ ಪಾಲು. ಸುತ್ತಿಸುವ ಕೆಲಸದಲ್ಲಿ ಅದೇ ಬಹುಪಾಲು. ಆದ್ದರಿಂದ ಪೈಪಿಗೆ ಹಾಕಿದ ಹೆಚ್ಚಿನ ಹಣ ಕೆಲವೇ ತಿಂಗಳುಗಳಲ್ಲಿ ಬಿಲ್ಲಿನಲ್ಲಿ ಮರಳುತ್ತದೆ.

ಹರಿವನ್ನು ತಗ್ಗಿಸಬೇಕಾದಾಗ ವಾಲ್ವನ್ನು ಮುಚ್ಚುವುದು ಗಾಡಿಯ ಬ್ರೇಕು ಒತ್ತಿಕೊಂಡೇ ಎತ್ತುಗಳನ್ನು ಹೊಡೆದಂತೆ. ಮೋಟಾರಿನ ವೇಗವನ್ನೇ ತಗ್ಗಿಸುವ ಡ್ರೈವ್ ಅಳವಡಿಸಿ ವೇಗವನ್ನು ಶೇ. 80ಕ್ಕೆ ಇಳಿಸಿದರೆ, ಎತ್ತುವ ಅಂತರ ಅಲ್ಪವಾಗಿರುವ ಕಡೆ, ಶಕ್ತಿಯ ಬೇಡಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಜಿಲ್ಲೆಯ ಗಡಸು ನೀರು ಇಂಪೆಲ್ಲರಿಗೆ ಸುಣ್ಣ ಕಟ್ಟುವುದರಿಂದ ಬಿಚ್ಚಿ ತೊಳೆಯಲು ಸುಲಭವಾದ ಮಾದರಿಯನ್ನೇ ಕೊಡಬೇಕು.

ಕರೆಂಟು ಹೋದಾಗಿನ ಪರಿಸ್ಥಿತಿ ಎಲ್ಲಕ್ಕಿಂತ ಮುಖ್ಯ. ತೋಟಕ್ಕೆ ಒಂದು ರಾತ್ರಿ ನೀರಿಲ್ಲದಿದ್ದರೆ ಟೊಮೇಟೊ ಸಾಯುವುದಿಲ್ಲ. ಕಿಕ್ಕಿರಿದ ಮೀನಿನ ತೊಟ್ಟಿಯಲ್ಲಿ ಪರಿಚಲನೆಯೂ ಗಾಳಿಯೂ ನಿಂತರೆ ಕೆಲವೇ ಗಂಟೆಗಳಲ್ಲಿ ಎಲ್ಲವೂ ಮುಗಿಯುತ್ತದೆ. ಒಂದು ದೊಡ್ಡ ಪಂಪಿನ ಬದಲು ಎರಡು ಸಣ್ಣ ಪಂಪುಗಳನ್ನು, ಸಾಧ್ಯವಾದರೆ ಬೇರೆ ಬೇರೆ ಫೇಸುಗಳ ಮೇಲೆ, ಕೊಡುವುದು ಈ ಕಾರಣಕ್ಕೆ. ಸಣ್ಣ ಪಂಪಾದರೆ ಇನ್ವರ್ಟರಿನ ಮೇಲೆ ರಾತ್ರಿ ಕಳೆಯುತ್ತದೆ, 7.5 ಎಚ್.ಪಿ. ಮೋಟಾರಿಗೆ ಜನರೇಟರೇ ಬೇಕು. ಗ್ರಾಹಕನ ಮುಂದೆ ಈ ಹೋಲಿಕೆಯನ್ನಿಟ್ಟರೆ ಬಹುಶಃ ಬೇರೆ ವಾದ ಬೇಕಾಗುವುದಿಲ್ಲ.

ಉತ್ಪಾದಕರ ಹೊಣೆ

ವ್ಯಾಪಾರಿಯನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಕೊಯಮತ್ತೂರಿನಿಂದಲೋ ಅಹಮದಾಬಾದಿನಿಂದಲೋ ಬರುವ ಪಂಪಿನ ಡಬ್ಬದ ಮೇಲೆ ಎಚ್.ಪಿ. ದಪ್ಪಕ್ಷರದಲ್ಲಿರುತ್ತದೆ, ಗರಿಷ್ಠ ಹೆಡ್ಡು ಮತ್ತು ಗರಿಷ್ಠ ಹರಿವು ಅಕ್ಕಪಕ್ಕದಲ್ಲಿ ಅಚ್ಚಾಗಿರುತ್ತವೆ. ಇವೆರಡೂ ಏಕಕಾಲಕ್ಕೆ ಎಂದೂ ದೊರೆಯುವುದಿಲ್ಲ. ಗರಿಷ್ಠ ಹೆಡ್ಡಿನಲ್ಲಿ ಹರಿವು ಸೊನ್ನೆ, ಗರಿಷ್ಠ ಹರಿವಿನಲ್ಲಿ ಹೆಡ್ಡು ನಾಮಮಾತ್ರ. ನಡುವಿನ ಕತೆಯನ್ನು ಹೇಳುವ ವಕ್ರರೇಖೆಯು ಅಚ್ಚಾಗದೆ ಗ್ರಾಹಕನಾಗಲೀ ಅಂಗಡಿಯವನಾಗಲೀ ಆರಿಸುವುದಾದರೂ ಹೇಗೆ? ಮಾನೋಬ್ಲಾಕ್ ಪಂಪುಗಳಿಗೆ ಐ.ಎಸ್. 9079, ಸಬ್‌ಮರ್ಸಿಬಲ್‌ಗಳಿಗೆ ಐ.ಎಸ್. 8034, ಓಪನ್‌ವೆಲ್ ಪಂಪುಗಳಿಗೆ ಐ.ಎಸ್. 14220 ಎಂಬ ಮಾನಕಗಳಿವೆ. ಇಂಧನ ದಕ್ಷತಾ ಬ್ಯೂರೋದ ನಕ್ಷತ್ರದ ಗುರುತೂ ಇದೆ. ಅಕ್ವೇರಿಯಂ ಮತ್ತು ಮೀನಿನ ತೊಟ್ಟಿಗಳಿಗೆಂದು ಆಮದಾಗುವ ಅಗ್ಗದ ಪಂಪುಗಳ ಡಬ್ಬಗಳ ಮೇಲಿನ ಅಂಕಿಗಳಿಗೆ ಮಾತ್ರ ಯಾರ ಜವಾಬ್ದಾರಿಯೂ ಇದ್ದಂತೆ ಕಾಣುವುದಿಲ್ಲ.

ಇಲ್ಲಿಯೇ ಸಣ್ಣ ಉತ್ಪಾದಕನಿಗೆ ಅವಕಾಶವಿದೆ. 3 ಮೀಟರ್ ಹೆಡ್ಡಿನಲ್ಲಿ ಗಂಟೆಗೆ 50 ಘನ ಮೀಟರ್ ಕೊಡುವ, ತುಕ್ಕು ಹಿಡಿಯದ ಪಂಪನ್ನು ಅಚ್ಚುಕಟ್ಟಾಗಿ ಮಾಡಲು ಭಾರೀ ಫೌಂಡ್ರಿ ಬೇಕಿಲ್ಲ. ಪ್ಲಾಸ್ಟಿಕ್ ಅಚ್ಚಿನ ಘಟಕ, ಸಾಧಾರಣ ಲೇತು, ಒಳ್ಳೆಯ ಮೋಟಾರು, ಪರೀಕ್ಷಿಸಲು ಒಂದು ತೊಟ್ಟಿ ಇದ್ದರೆ ಮಾಲೂರಿನ ಶೆಡ್ಡಿನಲ್ಲಿಯೇ ಆಗಬಹುದಾದ ಕೆಲಸವಿದು. ಎರಡು ಪಂಪುಗಳನ್ನು ಸರದಿಯ ಮೇಲೆ ಓಡಿಸಿ, ಒಂದು ನಿಂತರೆ ಇನ್ನೊಂದನ್ನು ತಾನೇ ಚಾಲೂ ಮಾಡಿ, ಮಾಲೀಕನ ಮೊಬೈಲಿಗೆ ಸುದ್ದಿ ಮುಟ್ಟಿಸುವ ಪ್ಯಾನೆಲ್ ಬೋರ್ಡನ್ನಂತೂ ತಾಲೂಕಿನ ಎಲೆಕ್ಟ್ರಿಷಿಯನ್ನನೇ ಕಟ್ಟಬಲ್ಲನು.

ಗ್ರಾಹಕ ಕೇಳುವುದೇ ಅಗ್ಗದ ಪಂಪನ್ನು, ಲೆಕ್ಕ ಒಪ್ಪಿಸುತ್ತ ಕುಳಿತರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. 7.5 ಎಚ್.ಪಿ.ಯ ಜಾಗದಲ್ಲಿ 1 ಎಚ್.ಪಿ. ಮಾರಿದರೆ ಆ ದಿನದ ಲಾಭ ಕಡಿಮೆಯಾಗುವುದೂ ನಿಜ. ಆದರೆ ಮೀನಿನ ಘಟಕದವನು ಪಂಪೊಂದನ್ನೇ ಕೊಳ್ಳುವವನಲ್ಲ. ದಪ್ಪ ಪೈಪು, ಎರಡನೆಯ ಪಂಪು, ಪ್ಯಾನೆಲ್ಲು, ಏರ್ ಬ್ಲೋವರು, ಇನ್ವರ್ಟರು ಎಲ್ಲವೂ ಅವನಿಗೆ ಬೇಕು. ಘಟಕ ಉಳಿದರೆ ಈ ಬೇಡಿಕೆ ವರ್ಷ ವರ್ಷವೂ ಉಳಿಯುತ್ತದೆ. ಮೊದಲ ವರ್ಷದ ಬಿಲ್ಲಿಗೇ ಘಟಕ ಮುಚ್ಚಿದರೆ ಉದ್ದರಿಯ ಬಾಕಿಯೂ ಅದರೊಡನೆ ಮುಳುಗುತ್ತದೆ.

ಪರೀಕ್ಷೆಗೆ ದುಬಾರಿ ಉಪಕರಣ ಬೇಕೆಂದೇನೂ ಇಲ್ಲ. 200 ಲೀಟರಿನ ಒಂದು ಡ್ರಮ್ಮು, ಕೈಗಡಿಯಾರ ಮತ್ತು ಒಂದು ಕ್ಲಾಂಪ್ ಮೀಟರು ಸಾಕು. ಗಂಟೆಗೆ 50 ಘನ ಮೀಟರ್ ಎಂದು ಹೇಳಿಕೊಳ್ಳುವ ಪಂಪು ಆ ಡ್ರಮ್ಮನ್ನು, ತೊಟ್ಟಿಯಲ್ಲಿ ಇರಬೇಕಾದಷ್ಟೇ ಎತ್ತರದಲ್ಲಿಟ್ಟಾಗ, ಹದಿನಾಲ್ಕೂವರೆ ಸೆಕೆಂಡಿನೊಳಗೆ ತುಂಬಬೇಕು. ಅಂಗಡಿಯ ಹಿಂದಿನ ಅಂಗಳದಲ್ಲಿ ಗ್ರಾಹಕನ ಎದುರಿಗೇ ಇದನ್ನು ಮಾಡಿ, ಬಂದ ಹರಿವನ್ನೂ ಎಳೆದ ಆಂಪಿಯರನ್ನೂ ಬಿಲ್ಲಿನ ಮೇಲೆ ಬರೆದು ಸಹಿ ಹಾಕಿಕೊಡುವ ಪದ್ಧತಿಯನ್ನು ತಾಯಲೂರಿನಲ್ಲಿಯೋ ಮುಳಬಾಗಿಲಿನಲ್ಲಿಯೋ ಒಂದು ಅಂಗಡಿ ಪ್ರಾರಂಭಿಸಿದರೆ ಸಾಕು, ಪಕ್ಕದ ಅಂಗಡಿಯವನೂ ಡ್ರಮ್ಮು ತರಿಸಬೇಕಾಗುತ್ತದೆ.